ಹೊಟ್ಟೆಯ ಕ್ಯಾನ್ಸರ್: ಹೊತ್ತು ಮೀರುವ ಮುನ್ನ



ಇಂದು ನಾನು ಹೊಟ್ಟೆಯ ಕ್ಯಾನ್ಸರ್ ಕುರಿತು ನಿಮ್ಮೊಂದಿಗೆ ನಾಲ್ಕು ಮಾತು ಹಂಚಿಕೊಳ್ಳಬೇಕೆಂದಿದ್ದೇನೆ. ಮೊದಲಿಗೇ ಹೇಳಿಬಿಡುತ್ತೇನೆ, ನಾನು ವೈದ್ಯನಲ್ಲ. ಮ್ಯಾಟ್ರಿಕ್ ಪಾಸಾಗಿ ಬ್ಯಾಂಕಿನಲ್ಲಿ ಕಾರಕೂನನಾಗಿ ಸೇರಿ, ಅಲ್ಲಿಯೇ ನಿವೃತ್ತನಾದವನು. ನಿವೃತ್ತಿಯಾದ ಮೇಲೆ ನನಗೆ ಒಂದು ಕೆಲಸ ತಾನಾಗಿ ಅಂಟಿಕೊಂಡಿತು. ನಮ್ಮ ಅಕ್ಕಲಕೋಟೆ ತಾಲೂಕಿನ ಹಳ್ಳಿಗಳಲ್ಲಿ ಮನೆಯೊಳಗೆ ಕನ್ನಡ, ಕಚೇರಿ ದವಾಖಾನೆಗಳಲ್ಲಿ ಮರಾಠಿ. ಚಿಕ್ಕವರು ಶಾಲೆ ಕಲಿತು ಎರಡನ್ನೂ ಸಲೀಸಾಗಿ ಆಡುತ್ತಾರೆ. ವಯಸ್ಸಾದವರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಸೊಲ್ಲಾಪುರದ ದೊಡ್ಡ ದವಾಖಾನೆಯಲ್ಲಿ ಬಾಯಿ ಕಟ್ಟಿದಂತಾಗುತ್ತದೆ. ಅಂಥವರ ಸಂಗಡ ಹೋಗುವುದು, ಫಾರ್ಮು ತುಂಬುವುದು, ಅವರು ಹೇಳಿದ್ದನ್ನು ಡಾಕ್ಟರ್ ಸಾಹೇಬರಿಗೆ ಮರಾಠಿಯಲ್ಲಿ ತಿಳಿಸುವುದು, ಸಾಹೇಬರು ಹೇಳಿದ್ದನ್ನು ಇವರಿಗೆ ಕನ್ನಡದಲ್ಲಿ ತಿಳಿಸುವುದು, ಇದೇ ಆ ಕೆಲಸ. ಹೀಗೆ ಹೋಗಿ ಬಂದು, ವೈದ್ಯರನ್ನು ಕೇಳಿ, ಅವರು ಕೊಟ್ಟ ಪುಸ್ತಿಕೆಗಳನ್ನು ಓದಿ ತಿಳಿದುಕೊಂಡದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ನಾವು ಹೊಟ್ಟೆ ಎಂದು ಸಾಮಾನ್ಯವಾಗಿ ಕರೆಯುವುದು ಪಕ್ಕೆಲುಬಿನ ಕೆಳಗಿನಿಂದ ಕಿಬ್ಬೊಟ್ಟೆಯವರೆಗಿನ ಇಡೀ ಭಾಗವನ್ನು. ವೈದ್ಯರು ಜಠರ ಎಂದು ಕರೆಯುವುದು ಅದರೊಳಗಿನ ಒಂದು ಚೀಲವನ್ನು ಮಾತ್ರ. ಎದೆಯ ಕೆಳಗೆ, ಸ್ವಲ್ಪ ಎಡಕ್ಕೆ ಅದರ ಸ್ಥಾನ. ಮೇಲ್ಭಾಗದಲ್ಲಿ ಅನ್ನನಾಳ ಬಂದು ಸೇರುತ್ತದೆ, ಕೆಳಭಾಗದಲ್ಲಿ ಸಣ್ಣ ಕರುಳು ಆರಂಭವಾಗುತ್ತದೆ. ನಾವು ತಿಂದ ರೊಟ್ಟಿ ಪಲ್ಯ ಈ ಚೀಲದೊಳಗೆ ಆಮ್ಲದೊಂದಿಗೆ ಕಲೆತು ನುರಿಯುತ್ತದೆ. ಚೀಲದ ಗೋಡೆಗೆ ಹಲವು ಪದರಗಳಿವೆ. ಎಲ್ಲಕ್ಕಿಂತ ಒಳಗಿನ ಪದರದಲ್ಲಿ ಕ್ಯಾನ್ಸರ್ ಹುಟ್ಟುತ್ತದೆ. ಅದು ಅಲ್ಲಿಯೇ ಇರುವಾಗ ಸಿಕ್ಕರೆ ತೆಗೆದುಹಾಕಬಹುದು. ಪದರದಿಂದ ಪದರಕ್ಕೆ ಇಳಿದು ಗೋಡೆಯನ್ನು ದಾಟಿ, ಯಕೃತ್ತಿಗೋ ಹೊಟ್ಟೆಯ ಪೊರೆಗೋ ಹರಡಿದ ಮೇಲೆ ವೈದ್ಯರ ಕೈ ಕಟ್ಟಿಹೋಗುತ್ತದೆ. ಆದ್ದರಿಂದ ಈ ರೋಗದಲ್ಲಿ ಎಲ್ಲವೂ ಹೊತ್ತಿನ ಮೇಲೆ ನಿಂತಿದೆ.

2022ರ ಅಂದಾಜಿನಂತೆ ಇಡೀ ಜಗತ್ತಿನಲ್ಲಿ ಒಂದು ವರ್ಷಕ್ಕೆ ಸುಮಾರು 9 ಲಕ್ಷ 70 ಸಾವಿರ ಜನರಿಗೆ ಹೊಸದಾಗಿ ಈ ರೋಗ ಕಾಣಿಸಿಕೊಂಡಿತು, ಸುಮಾರು 6 ಲಕ್ಷ 60 ಸಾವಿರ ಜನ ಇದರಿಂದ ತೀರಿಕೊಂಡರು. ಕ್ಯಾನ್ಸರುಗಳಲ್ಲಿ ಇದಕ್ಕೆ ಐದನೆಯ ಸ್ಥಾನ. ಹೆಂಗಸರಿಗಿಂತ ಗಂಡಸರಲ್ಲಿ ಸುಮಾರು ಎರಡು ಪಟ್ಟು ಹೆಚ್ಚು. ಹೆಚ್ಚಿನವರಿಗೆ ಐವತ್ತು ದಾಟಿದ ಮೇಲೆ ಬರುತ್ತದೆಯಾದರೂ ಅದಕ್ಕಿಂತ ಮೊದಲೇ ಬಂದವರೂ ಇದ್ದಾರೆ. ನಮ್ಮ ದೇಶದಲ್ಲಿ ಮಿಜೋರಾಮ್ ರಾಜ್ಯದಲ್ಲಿ ಇದರ ಪ್ರಮಾಣ ಎಲ್ಲಕ್ಕಿಂತ ಹೆಚ್ಚು. ದಕ್ಷಿಣದಲ್ಲಿ ಚೆನ್ನೈ ಕಡೆಯೂ ಗಮನಿಸುವಷ್ಟಿದೆ. ನಮ್ಮ ಸೊಲ್ಲಾಪುರ ಭಾಗದಲ್ಲಿ ಬಾಯಿಯ ಕ್ಯಾನ್ಸರ್, ಗರ್ಭಕೊರಳಿನ ಕ್ಯಾನ್ಸರ್ ಕುರಿತು ಜನ ಈಗೀಗ ಮಾತನಾಡುತ್ತಾರೆ. ಹೊಟ್ಟೆಯದನ್ನು ಮಾತ್ರ ಯಾರೂ ಎತ್ತುವುದಿಲ್ಲ. ಏಕೆಂದರೆ ಅದು ಬಹಳ ದಿನ ಬೇರೊಂದು ಹೆಸರಿನಲ್ಲಿ ನಮ್ಮ ಮನೆಯಲ್ಲೇ ಇರುತ್ತದೆ. ಆ ಹೆಸರು ಪಿತ್ತ.

ನಮ್ಮ ಕಡೆ ಹೊಟ್ಟೆಯ ಯಾವ ತೊಂದರೆಗೂ ಪಿತ್ತ ಎಂಬ ಒಂದೇ ಹೆಸರು. ಎದೆ ಉರಿದರೂ ಪಿತ್ತ, ತಲೆ ತಿರುಗಿದರೂ ಪಿತ್ತ, ವಾಂತಿಯಾದರೂ ಪಿತ್ತ, ಊಟ ಸೇರದಿದ್ದರೂ ಪಿತ್ತ. ಅದಕ್ಕೆ ಸೋಡಾ ಕುಡಿಯುತ್ತೇವೆ, ಅಜವಾನ ಅಗಿಯುತ್ತೇವೆ, ಅಂಗಡಿಗೆ ಹೋಗಿ ಪಿತ್ತದ ಗುಳಿಗೆ ತರುತ್ತೇವೆ. ಹತ್ತರಲ್ಲಿ ಒಂಬತ್ತು ಸಲ ಇದು ಸರಿಯೂ ಹೋಗುತ್ತದೆ. ಹೊಟ್ಟೆ ಉರಿದವರಿಗೆಲ್ಲ ಕ್ಯಾನ್ಸರ್ ಇರುತ್ತದೆ ಎಂದು ನಾನು ಹೇಳುತ್ತಿಲ್ಲ, ಯಾರೂ ಹಾಗೆ ಹೆದರಬಾರದು. ನನ್ನ ಮಾತು ಇರುವುದು ಆ ಹತ್ತನೆಯ ಸಲದ ಬಗ್ಗೆ.

ನಮ್ಮ ಕಡೆಯ ಒಬ್ಬ ರೈತರು, ವಯಸ್ಸು ಐವತ್ತೆಂಟು. ತೊಗರಿ ರಾಶಿಯ ಕಾಲದಲ್ಲಿ ಅವರಿಗೆ ಊಟ ಕಡಿಮೆಯಾಯಿತು. ಎರಡು ರೊಟ್ಟಿ ತಿನ್ನುವವರು ಅರ್ಧ ರೊಟ್ಟಿಗೆ ಸಾಕೆನ್ನತೊಡಗಿದರು. ಅಂಗಡಿಯಿಂದ ತಂದ ಗುಳಿಗೆ ನುಂಗಿದಾಗ ಉರಿ ನಿಲ್ಲುತ್ತಿತ್ತು, ಬಿಟ್ಟಾಗ ಮತ್ತೆ ಬರುತ್ತಿತ್ತು. ಹೀಗೆ ಎಂಟು ತಿಂಗಳು ಕಳೆಯಿತು. ಅಂಗಿ ಸಡಿಲವಾಯಿತು, ಕೆನ್ನೆ ಒಳಗೆ ಹೋಯಿತು. "ಕಾಕಾ, ಒಮ್ಮೆ ಸೊಲ್ಲಾಪುರಕ್ಕ ಹೋಗಿ ತೋರಿಸ್ಕೊಂಡು ಬರೂಣು ನಡೀರಿ" ಎಂದು ಅವರ ಅಣ್ಣನ ಮಗ ಕರೆದರೆ, "ಏನಿಲ್ಲೋ ತಮ್ಮಾ, ಪಿತ್ತ ಆಗ್ಯಾದ. ಮಳಿಗಾಲ ಬಂತಂದ್ರ ಇಳೀತದ" ಎನ್ನುತ್ತಿದ್ದರು. ಕೊನೆಗೆ ಹಿಂದಿನ ದಿನ ತಿಂದ ಅನ್ನ ಮರುದಿನ ಹಾಗೆಯೇ ವಾಂತಿಯಾದಾಗ ಅವರನ್ನು ಕರೆದುಕೊಂಡು ಹೋದೆವು. ಜಠರದ ಕೆಳಬಾಯಿ ಗಂಟಿನಿಂದ ಮುಚ್ಚಿಹೋಗಿತ್ತು, ರೋಗ ಯಕೃತ್ತಿಗೆ ಹರಡಿತ್ತು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಇವರು ಆರು ತಿಂಗಳು ಮೊದಲೇ ಬರಬೇಕಿತ್ತು ಎಂದರು. ಆ ಮಾತನ್ನು ಕನ್ನಡದಲ್ಲಿ ಅವರ ಮನೆಯವರಿಗೆ ಹೇಳುವ ಕೆಲಸ ನನ್ನದಾಗಿತ್ತು. ನಾಲ್ಕು ತಿಂಗಳಲ್ಲಿ ಅವರು ತೀರಿಕೊಂಡರು.

ಇದರಲ್ಲಿ ಒಂದು ಸೂಕ್ಷ್ಮವಿದೆ. ಪಿತ್ತದ ಗುಳಿಗೆ ಎಂದು ನಾವು ನುಂಗುವ ಓಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಮುಂತಾದವು ಜಠರದಲ್ಲಿ ಆಮ್ಲ ಹುಟ್ಟುವುದನ್ನು ತಗ್ಗಿಸುತ್ತವೆ. ಒಳ್ಳೆಯ ಔಷಧಗಳೇ. ಆದರೆ ಕ್ಯಾನ್ಸರಿನ ಹುಣ್ಣಿದ್ದರೂ ಆಮ್ಲ ತಗ್ಗಿದಾಗ ಉರಿ ಸ್ವಲ್ಪ ಕಾಲ ತಗ್ಗುತ್ತದೆ. ಉರಿ ತಗ್ಗಿತು, ಆದ್ದರಿಂದ ರೋಗವಿಲ್ಲ ಎಂದು ನಾವು ಲೆಕ್ಕ ಹಾಕುತ್ತೇವೆ. ಆ ಲೆಕ್ಕ ತಪ್ಪು. ವೈದ್ಯರು ಬರೆದುಕೊಟ್ಟಷ್ಟು ದಿನ ಗುಳಿಗೆ ತೆಗೆದುಕೊಳ್ಳುವುದು ಬೇರೆ, ಯಾರಿಗೂ ತೋರಿಸದೆ ತಿಂಗಳುಗಟ್ಟಲೆ ಅಂಗಡಿಯಿಂದ ತಂದು ನುಂಗುವುದು ಬೇರೆ.

ಹಾಗಾದರೆ ಯಾವ ಲಕ್ಷಣ ಕಂಡರೆ ಎಚ್ಚರವಾಗಬೇಕು? ದಯವಿಟ್ಟು ಇವನ್ನು ನೆನಪಿನಲ್ಲಿಡಿ. ಒಂದನೆಯದು, ನಲವತ್ತು ನಲವತ್ತೈದು ದಾಟಿದವರಿಗೆ ಹಿಂದೆಂದೂ ಇಲ್ಲದ ಅಜೀರ್ಣ, ಹೊಟ್ಟೆಯ ಮೇಲ್ಭಾಗದ ನೋವು ಅಥವಾ ಉರಿ ಹೊಸದಾಗಿ ಶುರುವಾಗಿ ಎರಡು ಮೂರು ವಾರವಾದರೂ ಹೋಗದಿರುವುದು. ಎರಡನೆಯದು, ಸ್ವಲ್ಪ ತಿಂದೊಡನೆ ಹೊಟ್ಟೆ ತುಂಬಿದಂತಾಗುವುದು. ಮೂರನೆಯದು, ಹಸಿವು ಹೋಗಿ, ಕಾರಣವಿಲ್ಲದೆ ತೂಕ ಇಳಿಯುವುದು. ನಮ್ಮಲ್ಲಿ ತೂಕ ನೋಡಿಕೊಳ್ಳುವ ರೂಢಿ ಇಲ್ಲ, ಆದರೆ ಪೈಜಾಮದ ನಾಡಿ, ರವಿಕೆಯ ತೋಳು, ಕೈಬಳೆ ಸಡಿಲವಾದದ್ದು ಗೊತ್ತಾಗುತ್ತದೆ. ನಾಲ್ಕನೆಯದು, ನುಂಗುವಾಗ ಅನ್ನ ಎದೆಯಲ್ಲಿ ಸಿಕ್ಕಿಕೊಂಡಂತಾಗುವುದು. ಐದನೆಯದು, ಪದೇ ಪದೇ ವಾಂತಿ, ಅದರಲ್ಲೂ ಬಹಳ ಹೊತ್ತಿನ ಹಿಂದೆ ತಿಂದದ್ದು ಹಾಗೆಯೇ ಹೊರಬರುವುದು.

ಆರನೆಯದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನಾಚಿಕೆಯಿಂದ ಯಾರೂ ಇದನ್ನು ಹೇಳುವುದಿಲ್ಲ. ಮಲ ಡಾಂಬರಿನಂತೆ ಕಪ್ಪಾಗಿ, ಜಿಗುಟಾಗಿ, ಕೆಟ್ಟ ವಾಸನೆಯಿಂದ ಆಗುವುದು. ಜಠರದೊಳಗೆ ರಕ್ತ ಒಸರಿದಾಗ ಅದು ಕೆಂಪಾಗಿ ಹೊರಗೆ ಬರುವುದಿಲ್ಲ. ಜೀರ್ಣವಾಗಿ ಕಪ್ಪಾಗಿ ಬರುತ್ತದೆ. ರಕ್ತ ವಾಂತಿಯಾದರೆ, ಅಥವಾ ಕಾಫಿ ಪುಡಿ ಕದಡಿದಂಥ ವಾಂತಿಯಾದರೆ, ಅದೂ ಇದೇ ಕಾರಣದಿಂದ. ಇಂಥ ಸಮಯದಲ್ಲಿ ನಾಳೆ ನೋಡೋಣ ಎನ್ನದೆ ಅದೇ ದಿನ ದವಾಖಾನೆಗೆ ಹೋಗಬೇಕು. ರಕ್ತ ಹೆಚ್ಚಲೆಂದು ಕಬ್ಬಿಣಾಂಶದ ಗುಳಿಗೆ ತಿನ್ನುವವರಿಗೂ ಮಲ ಕಪ್ಪಾಗುತ್ತದೆ, ಅದು ರೋಗವಲ್ಲ. ಆದರೆ ಆ ಗುಳಿಗೆ ತಿನ್ನುತ್ತಿದ್ದೇನೆ ಎಂಬುದನ್ನು ಡಾಕ್ಟರಿಗೆ ಹೇಳಲೇಬೇಕು. ಏಳನೆಯದು, ರಕ್ತಹೀನತೆ. ದಿನವೂ ಸ್ವಲ್ಪ ಸ್ವಲ್ಪ ಒಸರುವ ರಕ್ತ ಕಣ್ಣಿಗೆ ಕಾಣುವುದಿಲ್ಲ. ಮುಖ ಬಿಳಿಚಿಕೊಳ್ಳುತ್ತದೆ, ನಾಲ್ಕು ಹೆಜ್ಜೆಗೆ ಏದುಸಿರು ಬರುತ್ತದೆ. ವಯಸ್ಸಾದ ಗಂಡಸಿಗಾಗಲಿ, ಮುಟ್ಟು ನಿಂತ ಹೆಂಗಸಿಗಾಗಲಿ ರಕ್ತ ಕಡಿಮೆಯಾಗಿದೆ ಎಂದರೆ ಟಾನಿಕ್ ಕುಡಿಸಿ ಸುಮ್ಮನಾಗಬಾರದು. ರಕ್ತ ಎಲ್ಲಿ ಹೋಯಿತು ಎಂದು ಕೇಳಬೇಕು. ಬ್ಯಾಂಕಿನಲ್ಲಿ ಸಂಜೆ ರೋಖಡು ಕಡಿಮೆ ಬಿದ್ದರೆ, ಎಲ್ಲಿ ಹೋಯಿತೆಂದು ಸಿಗುವವರೆಗೆ ನಮ್ಮನ್ನು ಮನೆಗೆ ಬಿಡುತ್ತಿರಲಿಲ್ಲ. ದೇಹದ ಲೆಕ್ಕವನ್ನೂ ಹಾಗೆಯೇ ನೋಡಬೇಕು.

ಈಗ ನಮ್ಮಂಥ ಎರಡು ಭಾಷೆಯ ಜನರಿಗೇ ಸೇರಿದ ಒಂದು ಮಾತು. ನಮ್ಮ ಒಬ್ಬ ಮಾವಶಿಯವರನ್ನು ದವಾಖಾನೆಗೆ ಕರೆದುಕೊಂಡು ಹೋಗಿದ್ದೆ. ಡಾಕ್ಟರು ಮರಾಠಿಯಲ್ಲಿ "ಕಾಯ್ ತ್ರಾಸ್ ಹೋತೋ?" ಎಂದು ಕೇಳಿದರು. ಮಾವಶಿ "ಪಿತ್ತ" ಎಂದು ಒಂದೇ ಮಾತು ಹೇಳಿ ತಲೆ ತಗ್ಗಿಸಿದರು. ಪಿತ್ತ ಎಂಬ ಮಾತು ಮರಾಠಿಯಲ್ಲೂ ಇದೆ, ಆದ್ದರಿಂದ ತಿಳಿಯಿತೆಂದು ಡಾಕ್ಟರು ಬರೆಯಲು ಪೆನ್ನು ಎತ್ತಿದರು. ಹೊರಗೆ ಕುಳಿತಾಗ ಮಾವಶಿ ನನಗೆ ಕನ್ನಡದಲ್ಲಿ ಬೇರೆಯೇ ಹೇಳಿದ್ದರು. "ಅಣ್ಣಾ, ಹೆಂಗ ಹೇಳ್ಲಿ, ಎಂಟು ದಿನ ಆತು, ಕಡೀಗಿ ಹೋದ್ರ ಕರ್ರಗ ಡಾಂಬರಿನಂಗ ಆಗ್ತದ" ಎಂದಿದ್ದರು. ನಾನು ಅದನ್ನು ಮರಾಠಿಯಲ್ಲಿ ಹೇಳಿದೊಡನೆ ಡಾಕ್ಟರು ಪೆನ್ನು ಕೆಳಗಿಟ್ಟು, ಮರುದಿನವೇ ಎಂಡೋಸ್ಕೋಪಿಗೆ ಬರೆದರು. ಗೋಡೆಯ ಒಳಪದರದಲ್ಲಿ ಸಣ್ಣ ಹುಣ್ಣು ಸಿಕ್ಕಿತು. ಪರೀಕ್ಷೆಯಲ್ಲಿ ಕ್ಯಾನ್ಸರ್ ಎಂದು ಬಂತು. ಶಸ್ತ್ರಚಿಕಿತ್ಸೆಯಾಗಿ ಈಗ ಆರು ವರ್ಷ. ಮಾವಶಿ ದಿನಕ್ಕೆ ಆರು ಸಲ ಸ್ವಲ್ಪ ಸ್ವಲ್ಪ ಊಟ ಮಾಡುತ್ತಾರೆ, ಮೊಮ್ಮಕ್ಕಳನ್ನು ಆಡಿಸುತ್ತಾರೆ.

ಆದ್ದರಿಂದ ಡಾಕ್ಟರರ ಮುಂದೆ ಪಿತ್ತ ಎಂಬ ಒಂದು ಮಾತಿಗೆ ನಿಲ್ಲಬೇಡಿ. ಏನಾಗುತ್ತದೆಯೋ ಅದನ್ನು ಬಿಡಿಸಿ ಹೇಳಿ. ಮರಾಠಿ ಬಾರದವರು ಈ ನಾಲ್ಕೈದು ಮಾತನ್ನಾದರೂ ಬಾಯಿಪಾಠ ಮಾಡಿಕೊಳ್ಳಿ. ಹಸಿವಿಲ್ಲ ಎನ್ನಲು "ಭೂಕ್ ಲಾಗತ್ ನಾಹೀ". ತೂಕ ಇಳಿದಿದೆ ಎನ್ನಲು "ವಜನ್ ಕಮೀ ಝಾಲಂ". ಸ್ವಲ್ಪ ತಿಂದರೆ ಹೊಟ್ಟೆ ತುಂಬುತ್ತದೆ ಎನ್ನಲು "ಥೋಡಂ ಖಾಲ್ಲಂ ಕೀ ಪೋಟ್ ಭರತಂ". ನುಂಗಲು ತೊಂದರೆ ಎನ್ನಲು "ಗಿಳಾಯಲಾ ತ್ರಾಸ್ ಹೋತೋ". ಮಲ ಕಪ್ಪಾಗುತ್ತದೆ ಎನ್ನಲು "ಸಂಡಾಸ್ ಕಾಳೀ ಹೋತೇ". ಇದರ ಜೊತೆಗೆ ಎಷ್ಟು ದಿನದಿಂದ, ಯಾವ ಗುಳಿಗೆ ತಿಂದಿದ್ದೀರಿ ಎಂಬುದನ್ನೂ ಹೇಳಿ. ಗುಳಿಗೆಯ ಖಾಲಿ ಪಾಕೀಟನ್ನು ಸಂಗಡ ಒಯ್ದರೆ ಇನ್ನೂ ಒಳ್ಳೆಯದು.

ಇನ್ನು ಈ ರೋಗ ಏಕೆ ಬರುತ್ತದೆ ಎಂಬುದನ್ನು ನೋಡೋಣ. ಹಿಂದೆ ಹೊಟ್ಟೆಯ ಹುಣ್ಣಿಗೆ ಚಿಂತೆ ಮತ್ತು ಖಾರವೇ ಕಾರಣ ಎಂದು ವೈದ್ಯರೂ ಹೇಳುತ್ತಿದ್ದರು. ಆಸ್ಟ್ರೇಲಿಯಾ ದೇಶದ ಪರ್ತ್ ನಗರದಲ್ಲಿ ರಾಬಿನ್ ವಾರನ್ ಮತ್ತು ಬ್ಯಾರಿ ಮಾರ್ಶಲ್ ಎಂಬ ಇಬ್ಬರು ವೈದ್ಯರು ರೋಗಿಗಳ ಜಠರದಲ್ಲಿ ಸುರುಳಿಯಾಕಾರದ ಒಂದು ಸೂಕ್ಷ್ಮಜೀವಿಯನ್ನು ಕಂಡರು. 1982ರಲ್ಲಿ ಅದನ್ನು ಪ್ರಯೋಗಶಾಲೆಯಲ್ಲಿ ಬೆಳೆಸಿದರು. ಅಷ್ಟು ಆಮ್ಲದಲ್ಲಿ ಯಾವ ಜೀವಿಯೂ ಬದುಕಲಾರದು ಎಂದು ಜನ ನಂಬಲಿಲ್ಲ. ಆಗ 1984ರಲ್ಲಿ ಮಾರ್ಶಲ್ ಅವರು ಆ ಜೀವಿಗಳಿದ್ದ ದ್ರವವನ್ನು ತಾವೇ ಕುಡಿದರು. ಕೆಲವೇ ದಿನಗಳಲ್ಲಿ ಅವರಿಗೆ ಓಕರಿಕೆ, ವಾಂತಿ ಆರಂಭವಾಯಿತು, ಜಠರದೊಳಗೆ ಉರಿಯೂತ ಕಂಡಿತು. ಆ ಜೀವಿಯ ಹೆಸರು ಹೆಲಿಕೋಬ್ಯಾಕ್ಟರ್ ಪೈಲೋರಿ. 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಇದು ಮನುಷ್ಯನಿಗೆ ಕ್ಯಾನ್ಸರ್ ತರಬಲ್ಲದು ಎಂದು ಸಾರಿತು. 2005ರಲ್ಲಿ ಆ ಇಬ್ಬರು ವೈದ್ಯರಿಗೆ ನೊಬೆಲ್ ಬಹುಮಾನ ದೊರೆಯಿತು.

ಈ ಜೀವಿ ಹೆಚ್ಚಾಗಿ ಚಿಕ್ಕಂದಿನಲ್ಲೇ, ಮನೆಯೊಳಗೇ ಒಬ್ಬರಿಂದ ಒಬ್ಬರಿಗೆ ಹತ್ತುತ್ತದೆ. ಕೈ ತೊಳೆಯದೆ ಉಣ್ಣುವುದು, ಉಣ್ಣಿಸುವುದು, ಹೊಲಸು ನೀರು, ಒಂದೇ ಕೋಣೆಯಲ್ಲಿ ಬಹಳ ಜನ ಇರುವುದು, ಇವು ದಾರಿ ಮಾಡಿಕೊಡುತ್ತವೆ. ನಮ್ಮ ದೇಶದಲ್ಲಿ ಇದು ಬಹುಪಾಲು ಜನರ ಹೊಟ್ಟೆಯಲ್ಲಿದೆ. ಇದ್ದವರಿಗೆಲ್ಲ ಕ್ಯಾನ್ಸರ್ ಬರುವುದಿಲ್ಲ, ನೂರಕ್ಕೆ ಒಬ್ಬರಿಂದ ಮೂವರಿಗೆ ಬರಬಹುದು ಎಂದು ತಿಳಿದವರು ಹೇಳುತ್ತಾರೆ. ಜೀವಿ ಹೊಕ್ಕ ಮೇಲೆ ಒಳಪದರ ವರ್ಷಾನುಗಟ್ಟಲೆ ಕೆಂಪಾಗಿ ಊದಿಕೊಂಡು, ಸವೆದು, ಬಣ್ಣ ಗುಣ ಬದಲಾಗಿ, ಬಹಳ ವರ್ಷಗಳ ನಂತರ ಕೆಲವರಲ್ಲಿ ಅದು ಕ್ಯಾನ್ಸರಿಗೆ ತಿರುಗುತ್ತದೆ. ಉಸಿರಿನ ಪರೀಕ್ಷೆ, ಮಲದ ಪರೀಕ್ಷೆ ಅಥವಾ ಎಂಡೋಸ್ಕೋಪಿಯಲ್ಲಿ ತೆಗೆದ ಚೂರಿನ ಪರೀಕ್ಷೆಯಿಂದ ಈ ಜೀವಿಯನ್ನು ಕಂಡುಹಿಡಿಯುತ್ತಾರೆ. ಇದ್ದರೆ ಸಾಮಾನ್ಯವಾಗಿ ಹದಿನಾಲ್ಕು ದಿನ ಮೂರು ನಾಲ್ಕು ಬಗೆಯ ಔಷಧಗಳನ್ನು ಒಟ್ಟಿಗೆ ಕೊಡುತ್ತಾರೆ. ನಾಲ್ಕು ದಿನಕ್ಕೆ ಹಗುರವೆನಿಸಿತೆಂದು ಬಿಟ್ಟರೆ ಜೀವಿ ಸಾಯುವುದಿಲ್ಲ, ಮುಂದೆ ಅದೇ ಔಷಧಕ್ಕೆ ಬಗ್ಗುವುದೂ ಇಲ್ಲ. ಬರೆದಷ್ಟೂ ದಿನ ಮುಗಿಸಬೇಕು.

ಎರಡನೆಯ ಕಾರಣ ಉಪ್ಪು. ಉಪ್ಪಿನಲ್ಲಿ ಹಾಕಿಟ್ಟ, ಹೊಗೆಯಲ್ಲಿ ಒಣಗಿಸಿದ ಆಹಾರವನ್ನು ದಿನವೂ ಹೆಚ್ಚಾಗಿ ತಿನ್ನುವ ನಾಡುಗಳಲ್ಲಿ ಈ ರೋಗ ಹೆಚ್ಚು. ಪಶ್ಚಿಮದ ದೇಶಗಳಲ್ಲಿ ಮನೆಮನೆಗೆ ಫ್ರಿಜ್ ಬಂದು, ಉಪ್ಪಿನಲ್ಲಿ ಮಾಂಸ ಹೂತಿಡುವ ಪದ್ಧತಿ ಕಡಿಮೆಯಾಗಿ, ತಾಜಾ ಹಣ್ಣು ತರಕಾರಿ ಸಿಗತೊಡಗಿದ ಮೇಲೆ ಹೊಟ್ಟೆಯ ಕ್ಯಾನ್ಸರ್ ಇಳಿಯುತ್ತ ಬಂದಿತು. ನಮ್ಮಲ್ಲಿ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಒಣಮೀನು ಇವುಗಳಲ್ಲಿ ಉಪ್ಪು ಬಹಳ. ಬಿಟ್ಟೇಬಿಡಿ ಎಂದರೆ ಯಾರೂ ಕೇಳಲಾರರು. ಆದರೆ ಉಪ್ಪಿನಕಾಯಿ ಪಲ್ಯದ ಬದಲಿಗೆ ಅಲ್ಲ, ಪಲ್ಯದ ಪಕ್ಕದಲ್ಲಿ ಚೂರು ಇರಬೇಕಾದದ್ದು. ಎಲ್ಲ ಸೇರಿ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು, ಅಂದರೆ ಒಂದು ಚಿಕ್ಕ ಚಮಚದಷ್ಟು, ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಖಾರದ ಬಗ್ಗೆ ನನ್ನನ್ನು ಬಹಳ ಜನ ಕೇಳುತ್ತಾರೆ. ಹುಣ್ಣಿದ್ದವರಿಗೆ ಖಾರ ಉರಿ ತರುತ್ತದೆ ನಿಜ. ಆದರೆ ನಮ್ಮ ಶೇಂಗಾ ಚಟ್ನಿಯ ಖಾರದಿಂದಲೇ ಕ್ಯಾನ್ಸರ್ ಬರುತ್ತದೆ ಎಂಬುದು ಸಿದ್ಧವಾದ ಮಾತಲ್ಲ.

ಮೂರನೆಯದು ತಂಬಾಕು. ಬೀಡಿ ಸಿಗರೇಟಿನ ಹೊಗೆ ಜಠರದ ಕ್ಯಾನ್ಸರಿಗೆ ಕಾರಣ ಎಂಬುದು ಸಿದ್ಧವಾಗಿದೆ. ಹೊಗೆ ಹೋಗುವುದು ಶ್ವಾಸಕ್ಕೆ, ಹೊಟ್ಟೆಗೇನು ಸಂಬಂಧ ಎಂದು ಕೇಳಬೇಡಿ. ಅದರ ವಿಷ ಜೊಲ್ಲಿನೊಡನೆ ಕೆಳಗಿಳಿಯುತ್ತದೆ, ರಕ್ತದಲ್ಲೂ ಸೇರುತ್ತದೆ. ನಮ್ಮ ಹೆಣ್ಣುಮಕ್ಕಳು ಹಲ್ಲಿಗೆ ಉಜ್ಜುವ ಮಿಶ್ರಿ, ಗಂಡಸರು ಸುಣ್ಣದೊಡನೆ ತಿಕ್ಕಿ ಇಟ್ಟುಕೊಳ್ಳುವ ತಂಬಾಕು, ಇವು ಬಾಯಿ ಮತ್ತು ಅನ್ನನಾಳದ ಕ್ಯಾನ್ಸರಿಗೆ ದಾರಿ. ಯಾವ ಕಡೆಯಿಂದ ನೋಡಿದರೂ ಬಿಡುವುದೇ ಸರಿ. ದಿನವೂ ಹೆಚ್ಚು ಸೆರೆ ಕುಡಿಯುವವರಿಗೂ ಅಪಾಯ ಹೆಚ್ಚು. ನಾಲ್ಕನೆಯದು ಮನೆತನ. ತಂದೆ, ತಾಯಿ, ಒಡಹುಟ್ಟಿದವರಲ್ಲಿ ಒಬ್ಬರಿಗೆ ಈ ರೋಗ ಬಂದಿದ್ದರೆ ಉಳಿದವರು ಹೆಚ್ಚು ಎಚ್ಚರದಿಂದಿರಬೇಕು. ಅಂಥವರು ತೊಂದರೆಯಿಲ್ಲದಿದ್ದರೂ ಒಮ್ಮೆ ವೈದ್ಯರನ್ನು ಕಂಡು ಪೈಲೋರಿ ಜೀವಿಯ ಪರೀಕ್ಷೆ ಬೇಕೇ ಎಂದು ಕೇಳುವುದು ಒಳ್ಳೆಯದು. ಬಹಳ ವರ್ಷದ ಹಿಂದೆ ಹುಣ್ಣಿಗಾಗಿ ಜಠರದ ಭಾಗ ತೆಗೆಸಿಕೊಂಡವರಿಗೂ ಈ ಮಾತು ಸಲ್ಲುತ್ತದೆ.

ಕೆಲವು ದೇಶಗಳು ರೋಗ ಲಕ್ಷಣ ಕಾಣುವ ಮೊದಲೇ ಜನರನ್ನು ಕರೆದು ಪರೀಕ್ಷೆ ಮಾಡುತ್ತವೆ. ಜಪಾನಿನಲ್ಲಿ ಈ ರೋಗ ಬಹಳ ಇದ್ದುದರಿಂದ 1960ರ ದಶಕದಿಂದಲೇ ಎಕ್ಸ್‌ರೇ ಗಾಡಿಗಳು ಊರೂರಿಗೆ ಹೋಗುತ್ತಿದ್ದವು, 1983ರಿಂದ ಅದು ಇಡೀ ದೇಶದ ಸರಕಾರಿ ಯೋಜನೆಯಾಯಿತು. ದಕ್ಷಿಣ ಕೊರಿಯಾದಲ್ಲಿ ನಲವತ್ತು ತುಂಬಿದವರಿಗೆ ಎರಡು ವರ್ಷಕ್ಕೊಮ್ಮೆ ಪರೀಕ್ಷೆ. ಹೀಗೆ ಮೊದಲ ಹಂತದಲ್ಲೇ ಸಿಕ್ಕವರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಜನ ಐದು ವರ್ಷ ದಾಟಿ ಬದುಕುತ್ತಾರೆ. ನಮ್ಮ ದೇಶದಲ್ಲಿ ಮೂವತ್ತು ತುಂಬಿದವರಿಗೆ ಬಾಯಿ, ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರಿನ ತಪಾಸಣೆಯನ್ನು ಸರಕಾರ ಆರೋಗ್ಯ ಕೇಂದ್ರಗಳಲ್ಲಿ ಮಾಡಿಸುತ್ತದೆ. ಹೊಟ್ಟೆಯ ಕ್ಯಾನ್ಸರಿಗೆ ಅಂಥ ಯೋಜನೆ ಇಲ್ಲ. ಯಾರೂ ನಮ್ಮ ಮನೆಗೆ ಬಂದು ಕರೆಯುವುದಿಲ್ಲ. ಹಾಗಾಗಿ ಲಕ್ಷಣವನ್ನು ಗುರುತಿಸಿ, ಎರಡು ಮೂರು ವಾರದೊಳಗೆ ಎದ್ದು ಹೋಗುವುದು ನಮ್ಮದೇ ಜವಾಬ್ದಾರಿ.

ಎಂಡೋಸ್ಕೋಪಿ ಎಂದೊಡನೆ ಜನ ಹೆದರುತ್ತಾರೆ. ಅದರಲ್ಲಿ ಏನು ಮಾಡುತ್ತಾರೆ ಎಂಬುದನ್ನು ಕೇಳಿ. ಆರರಿಂದ ಎಂಟು ತಾಸು ಏನೂ ತಿನ್ನದೆ ಹೋಗಬೇಕು. ಗಂಟಲಿಗೆ ಜೋಮು ಹಿಡಿಯುವ ಔಷಧ ಸಿಂಪಡಿಸುತ್ತಾರೆ. ಎಡ ಮಗ್ಗುಲಾಗಿ ಮಲಗಿಸಿ, ಕಿರುಬೆರಳಿನಷ್ಟು ದಪ್ಪದ ಬಳುಕುವ ಕೊಳವೆಯನ್ನು ಬಾಯಿಯಿಂದ ಇಳಿಸುತ್ತಾರೆ. ಅದರ ತುದಿಯಲ್ಲಿ ದೀಪ ಮತ್ತು ಕ್ಯಾಮೆರಾ ಇರುತ್ತದೆ, ಒಳಗಿನದೆಲ್ಲ ಟಿವಿಯ ಮೇಲೆ ಕಾಣುತ್ತದೆ. ಓಕರಿಕೆ ಬಂದಂತಾಗುತ್ತದೆ, ನೋವಾಗುವುದಿಲ್ಲ. ಐದು ಹತ್ತು ನಿಮಿಷದ ಕೆಲಸ, ಅಂದೇ ಮನೆಗೆ ಬರಬಹುದು. ಅನುಮಾನ ಬಂದ ಜಾಗದಿಂದ ಅಕ್ಕಿಕಾಳಿಗಿಂತ ಸಣ್ಣ ಐದಾರು ಚೂರುಗಳನ್ನು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಚೂರು ತೆಗೆದರೆ ಕ್ಯಾನ್ಸರ್ ಹರಡುತ್ತದೆ ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಬಲವಾಗಿದೆ. ಅದು ಸುಳ್ಳು. ಆ ಚೂರಿಲ್ಲದೆ ಇದು ಬರಿಯ ಹುಣ್ಣೋ, ಕ್ಯಾನ್ಸರೋ ಎಂದು ಯಾವ ವೈದ್ಯರೂ ಖಚಿತವಾಗಿ ಹೇಳಲಾರರು. ಸೋನೋಗ್ರಾಫಿ ಮಾಡಿಸಿದ್ದೇವೆ, ಏನೂ ಇಲ್ಲ ಎಂದಿದ್ದಾರೆ ಎಂದು ಸಮಾಧಾನ ಪಡಬೇಡಿ. ಜಠರದ ಒಳಪದರದ ಸಣ್ಣ ಹುಣ್ಣು ಸೋನೋಗ್ರಾಫಿಯಲ್ಲಿ ಕಾಣುವುದಿಲ್ಲ.

ರೋಗ ಖಚಿತವಾದರೆ ಸಿ.ಟಿ. ಸ್ಕ್ಯಾನ್ ಮಾಡಿ ಎಷ್ಟು ಹರಡಿದೆ ಎಂದು ನೋಡುತ್ತಾರೆ. ತೀರ ಮೊದಲ ಹಂತದ ಕೆಲವನ್ನು ಎಂಡೋಸ್ಕೋಪಿಯ ಕೊಳವೆಯಿಂದಲೇ ತೆಗೆಯಬಹುದು. ಉಳಿದವರಿಗೆ ಜಠರದ ಒಂದು ಭಾಗವನ್ನೋ ಪೂರ್ತಿ ಜಠರವನ್ನೋ ತೆಗೆಯುತ್ತಾರೆ. ಹಲವರಿಗೆ ಅದರ ಹಿಂದೆ ಮುಂದೆ ಕಿಮೋಥೆರಪಿ ಕೊಡುತ್ತಾರೆ. ಜಠರವಿಲ್ಲದೆ ಬದುಕುವುದು ಹೇಗೆ ಎಂದು ಕೇಳುವವರಿದ್ದಾರೆ. ವಿಯೆನ್ನಾ ನಗರದ ಬಿಲ್ರೋತ್ ಎಂಬ ಶಸ್ತ್ರವೈದ್ಯರು 1881ರಲ್ಲಿ ಮೊದಲ ಬಾರಿಗೆ ಕ್ಯಾನ್ಸರ್ ಹಿಡಿದ ಜಠರದ ಭಾಗವನ್ನು ಯಶಸ್ವಿಯಾಗಿ ತೆಗೆದರು. ಆ ರೋಗಿ ಬದುಕಿದ್ದು ಸುಮಾರು ನಾಲ್ಕು ತಿಂಗಳು. ಇಂದು ಪೂರ್ತಿ ಜಠರ ತೆಗೆದವರೂ ವರ್ಷಗಟ್ಟಲೆ ಬದುಕಿದ್ದಾರೆ. ಒಮ್ಮೆಲೇ ಹೊಟ್ಟೆ ತುಂಬ ಉಣ್ಣದೆ ಸ್ವಲ್ಪ ಸ್ವಲ್ಪ ಉಣ್ಣಬೇಕು, ಬಿ-12 ಜೀವಸತ್ವದ ಚುಚ್ಚುಮದ್ದನ್ನು ತಪ್ಪದೆ ತೆಗೆದುಕೊಳ್ಳಬೇಕು.

ಖರ್ಚಿನ ಚಿಂತೆ ನಮ್ಮನ್ನು ಎಲ್ಲಕ್ಕಿಂತ ಹೆಚ್ಚು ತಡೆಯುತ್ತದೆ. ಬ್ಯಾಂಕಿನ ಕೌಂಟರಿನಲ್ಲಿ ಕುಳಿತು ನಾನು ನೋಡಿದ್ದೇನೆ. ಮಗಳ ಮದುವೆಗೆಂದು ಇಟ್ಟ ಠೇವಣಿಯನ್ನು ಮುದತಿಗೆ ಮುಂಚೆ ಮುರಿಸಲು ಬರುತ್ತಿದ್ದರು. ಕಾರಣ ಕೇಳಿದರೆ, ದೊಡ್ಡ ದವಾಖಾನೆ. ರೋಗ ಬಲಿತ ಮೇಲೆ ಒಯ್ದ ಹಣ ಅದು, ಮನುಷ್ಯನೂ ಉಳಿಯುತ್ತಿರಲಿಲ್ಲ, ಠೇವಣಿಯೂ ಉಳಿಯುತ್ತಿರಲಿಲ್ಲ. ಇಂದು ಪರಿಸ್ಥಿತಿ ಬೇರೆ. ಮಹಾರಾಷ್ಟ್ರದಲ್ಲಿ ಮಹಾತ್ಮ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆ ಇದೆ. 2018ರಲ್ಲಿ ಬಂದ ಆಯುಷ್ಮಾನ್ ಭಾರತ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸೌಲಭ್ಯವಿದೆ. 2024ರಿಂದ ಎಪ್ಪತ್ತು ತುಂಬಿದವರು ಆದಾಯ ಎಷ್ಟೇ ಇರಲಿ ಇದಕ್ಕೆ ಅರ್ಹರು. ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ಆರೋಗ್ಯಮಿತ್ರ ಎಂಬವರು ಕುಳಿತಿರುತ್ತಾರೆ. ಹಣ ಕಟ್ಟುವ ಮೊದಲು, ಆಧಾರ್ ಮತ್ತು ರೇಶನ್ ಕಾರ್ಡು ಹಿಡಿದು ಅವರನ್ನು ಕಾಣಿ. ನಮ್ಮವರು ಅನೇಕರು ಕಲಬುರ್ಗಿ, ವಿಜಯಪುರಕ್ಕೆ ಹೋಗುತ್ತಾರೆ, ಅಲ್ಲಿ ಕನ್ನಡದಲ್ಲಿ ಮಾತನಾಡಬಹುದೆಂದು. ಹೋಗಬಾರದೆಂದಲ್ಲ, ಆದರೆ ಮಹಾರಾಷ್ಟ್ರದ ಕಾರ್ಡು ಆ ಆಸ್ಪತ್ರೆಯಲ್ಲಿ ನಡೆಯುತ್ತದೆಯೇ ಎಂದು ಮೊದಲೇ ವಿಚಾರಿಸಿಕೊಂಡು ಹೋಗಿ. ಎರಡು ಕಾರ್ಡಿನ ನಡುವೆ ಅಲೆದು ದಿನ ಕಳೆದುಕೊಳ್ಳಬಾರದು. ಸೊಲ್ಲಾಪುರದ ಸಿವಿಲ್ ಆಸ್ಪತ್ರೆ, ಬಾರ್ಶಿಯ ನರ್ಗಿಸ್ ದತ್ತ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆ ನಮ್ಮ ಜಿಲ್ಲೆಯಲ್ಲೇ ಇವೆ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ 1941ರಿಂದ, ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1973ರಿಂದ ಕ್ಯಾನ್ಸರ್ ರೋಗಿಗಳ ಸೇವೆ ಮಾಡುತ್ತಿವೆ.

ಬಾರ್ಶಿಯ ಹೆಸರು ಬಂದದ್ದರಿಂದ ಒಂದು ಸಂಗತಿ ಹೇಳಲೇಬೇಕು. 1987ರಲ್ಲಿ ಅಲ್ಲಿ ನಮ್ಮ ದೇಶದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ ಆರಂಭವಾಯಿತು. ಅದರ ಕಾರ್ಯಕರ್ತರು ಹಳ್ಳಿ ಹಳ್ಳಿಗೆ ಹೋಗಿ, ಕಟ್ಟೆಯ ಮೇಲೆ ಕುಳಿತು, ಕ್ಯಾನ್ಸರಿನ ಲಕ್ಷಣಗಳು ಹೀಗಿರುತ್ತವೆ, ಕಂಡರೆ ಬನ್ನಿ ಎಂದು ಜನರಿಗೆ ಹೇಳಿದರು. ಅವರ ಕೈಯಲ್ಲಿ ದೊಡ್ಡ ಯಂತ್ರವೇನೂ ಇರಲಿಲ್ಲ. ಕೆಲವೇ ವರ್ಷಗಳಲ್ಲಿ ಆ ಹಳ್ಳಿಗಳ ಹೆಣ್ಣುಮಕ್ಕಳಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಮೊದಲಿಗಿಂತ ಬೇಗನೆ, ಗುಣವಾಗುವ ಹಂತದಲ್ಲೇ ಪತ್ತೆಯಾಗತೊಡಗಿತು. ಬರಿಯ ಮಾತಿನಿಂದ, ತಿಳಿವಳಿಕೆಯಿಂದ ಇಷ್ಟು ಆಗಬಹುದು ಎಂಬುದಕ್ಕೆ ನಮ್ಮ ಜಿಲ್ಲೆಯೇ ಸಾಕ್ಷಿ. ಹೊಟ್ಟೆಯ ಕ್ಯಾನ್ಸರಿಗೂ ನಾವು ನಮ್ಮ ನಮ್ಮ ಕಟ್ಟೆಗಳಲ್ಲಿ ಇದೇ ಕೆಲಸ ಮಾಡಬಹುದು.

ಆದ್ದರಿಂದ ಬಂಧುಗಳೇ, ಈ ದಿನ ಕೇಳಿದ್ದನ್ನು ಮನೆಯಲ್ಲಿ ಇನ್ನೊಬ್ಬರಿಗೆ ಹೇಳಿ. ಮನೆಯ ಹಿರಿಯರ ತಟ್ಟೆಯಲ್ಲಿ ರೊಟ್ಟಿ ಉಳಿಯುತ್ತಿದ್ದರೆ ಗಮನಿಸಿ, ಏಕೆ ಎಂದು ಕೇಳಿ. ಅವರು ಪಿತ್ತ ಎಂದರೆ, ಎಷ್ಟು ದಿನದಿಂದ ಎಂದು ಇನ್ನೊಂದು ಪ್ರಶ್ನೆ ಕೇಳಿ. ಮೂರು ವಾರ ದಾಟಿದೆ ಎಂದರೆ ರಾಶಿ, ಜಾತ್ರೆ, ಮದುವೆ ಮುಗಿಯಲಿ ಎನ್ನದೆ ಮುಂದಿನ ಬಸ್ಸಿಗೇ ಕರೆದುಕೊಂಡು ಹೋಗಿ. ಮರಾಠಿ ಚೆನ್ನಾಗಿ ಬರುವ ಹುಡುಗರು, ಹುಡುಗಿಯರು ಊರಿನ ಒಬ್ಬ ಅಜ್ಜ ಅಜ್ಜಿಯ ಸಂಗಡ ದವಾಖಾನೆಗೆ ಹೋಗಿ, ಅವರ ಮಾತನ್ನು ಡಾಕ್ಟರರ ಕಿವಿಗೆ ಮುಟ್ಟಿಸಿ. ಎರಡು ಭಾಷೆ ಬಲ್ಲ ನಮಗೆ ಅದಕ್ಕಿಂತ ಒಳ್ಳೆಯ ಸೇವೆ ಬೇರೆ ಇಲ್ಲ.